ವರದಮೂಲದಿಂದ ಅಳಿವೆಗೆ: ಸಿಗಡಿಯ ವಾಣಿಜ್ಯದ ಚರಿತ್ರೆ

ಸಾಗರ ಪಟ್ಟಣಕ್ಕೆ ನಾಲ್ಕು ಮೈಲಿಯಷ್ಟು ದೂರದಲ್ಲಿ, ಇಕ್ಕೇರಿಯ ಅಘೋರೇಶ್ವರ ದೇವಾಲಯಕ್ಕೆ ಸಮೀಪದಲ್ಲಿ, ವರದಮೂಲವೆಂಬ ಪುಣ್ಯಸ್ಥಳವಿದೆ. ಸುತ್ತ ಅಡಕೆಯ ತೋಟಗಳು, ನಡುವೆ ವರದಾಂಬೆಯ ಗುಡಿ, ಮಗ್ಗುಲಲ್ಲಿ ತೀರ್ಥದ ಕೊಳಗಳು, ಅಲ್ಲಿಂದ ಹೊರಟು ತೋಟದ ಕಡೆಗೆ ಹರಿಯುವ ತೆಳುವಾದ ನೀರು; ವರದಾ ನದಿಯ ಹುಟ್ಟು ಇಷ್ಟೇ. ಕೆಲವು ವರ್ಷಗಳ ಹಿಂದೆ ನಾವು ನಮ್ಮ ಕಾಲೇಜಿನ ವಿದ್ಯಾರ್ಥಿಗಳೊಡನೆ ಇಕ್ಕೇರಿಯ ಶಿಲ್ಪವನ್ನು ನೋಡಲು ಹೋದವರು, ಮಧ್ಯಾಹ್ನದ ಬಿಸಿಲಿಗೆ ಈ ನೀರಿನ ದಡದಲ್ಲಿ ಕುಳಿತಿದ್ದೆವು. ಒಬ್ಬ ವಿದ್ಯಾರ್ಥಿಯು ಕಲ್ಲಿನ ಸಂದಿನಲ್ಲಿ ಕಂಡ, ಬೆರಳಿನ ಉಗುರಿನಷ್ಟು ಉದ್ದದ, ಗಾಜಿನಂತೆ ತಿಳಿಯಾದ ಒಂದು ಜೀವಿಯನ್ನು ತೋರಿಸಿ, "ಇದು ಯಾವ ಮೀನಿನ ಮರಿ, ಸಾರ್?" ಎಂದು ಕೇಳಿದನು. ಅದು ಮೀನಾಗಿರಲಿಲ್ಲ, ಮಲೆನಾಡಿನ ಹಳ್ಳಗಳಲ್ಲಿ ವಾಸಿಸುವ ಒಂದು ಜಾತಿಯ ಕಿರುಸಿಗಡಿಯಾಗಿತ್ತು. ಆ ಪ್ರಶ್ನೆಗೆ ಅಂದು ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸಿದೆವು. ಆದರೆ ಅದರ ಪೂರ್ಣವಾದ ಉತ್ತರವು ಚರಿತ್ರೆಯ ಹಲವು ಪುಟಗಳನ್ನು ಹಿಡಿಯುವಂಥದೆಂದು ಆಮೇಲೆ ನಮಗೆ ತೋರಿತು. ಅದನ್ನೇ ಇಂದು ಶ್ರೋತೃಗಳ ಮುಂದಿಡಲು ಬಯಸುತ್ತೇವೆ.

ಮೊದಲು ಆ ನೆಲದ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಸಾಗರಕ್ಕೆ ಆ ಹೆಸರು ಬಂದದ್ದು ಕೆಳದಿಯ ಸದಾಶಿವನಾಯಕನ ಹೆಸರಿನ ಕೆರೆಯಿಂದ ಎಂದು ಹೇಳುವುದುಂಟು. ನಿಜವಾದ ಸಾಗರವು ಪಶ್ಚಿಮಕ್ಕೆ ಸುಮಾರು ೩೫ ಮೈಲಿ ದೂರದಲ್ಲಿದೆ. ಇಷ್ಟು ಹತ್ತಿರವಿರುವ ಕಡಲಿಗೆ ಬೆನ್ನು ತಿರುಗಿಸಿ ವರದೆಯು ಪೂರ್ವದ ಕಡೆಗೆ ಹೊರಡುತ್ತಾಳೆ. ಬನವಾಸಿಯನ್ನು ಬಳಸಿ, ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರಿ, ಮುಂದೆ ಕೃಷ್ಣೆಯ ಪಾಲಾಗಿ, ಕೊನೆಗೆ ಬಂಗಾಳಕೊಲ್ಲಿಯನ್ನು ಮುಟ್ಟುತ್ತಾಳೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿಯಾದರೋ, ಹೊಸನಗರ ಸಾಗರಗಳ ಸೀಮೆಯನ್ನು ಹಾದು, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಪಡುವಣ ಕಡಲನ್ನು ಸೇರುತ್ತಾಳೆ. ಒಂದೇ ಮಲೆಯ ಮೇಲೆ ಸುರಿದ ಮಳೆಯು ಹೀಗೆ ಎರಡು ಕಡಲುಗಳಿಗೆ ಹಂಚಿಹೋಗುತ್ತದೆ. ಆ ಎರಡು ದಾರಿಗಳ ತುದಿಯಲ್ಲಿಯೂ ಸಿಹಿನೀರು ಉಪ್ಪುನೀರನ್ನು ಕೂಡುವೆಡೆಯಲ್ಲಿ ಸಿಗಡಿಯ ವ್ಯಾಪಾರವು ಬೆಳೆದಿದೆ. ಇದು ಆಕಸ್ಮಿಕವಲ್ಲ. ಇದರ ಕಾರಣವನ್ನು ತಿಳಿಯಬೇಕಾದರೆ ಆ ಪ್ರಾಣಿಯ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು.

ನಮ್ಮ ನಾಡಿನಲ್ಲಿ ಸಿಗಡಿಗೆ ಹೆಸರುಗಳು ಹಲವು. ಉತ್ತರ ಕನ್ನಡದಲ್ಲಿ ಶೆಟ್ಲಿ, ಕುಂದಾಪುರದ ಕಡೆ ಚಟ್ಲಿ, ತುಳುವಿನಲ್ಲಿ ಎಟ್ಟಿ, ಕೊಂಕಣಿಯಲ್ಲಿ ಸುಂಗಟ. ಕೇರಳದವರು ಅದನ್ನು ಚೆಮ್ಮೀನ್, ಎಂದರೆ ಕೆಂಮೀನು, ಎನ್ನುವರು. ಹೆಸರಿನಲ್ಲಿ ಮೀನಿದ್ದರೂ ಪ್ರಾಣಿಶಾಸ್ತ್ರದಲ್ಲಿ ಅದು ಮೀನಲ್ಲ. ಮೀನಿಗೆ ಬೆನ್ನುಮೂಳೆಯುಂಟು, ಸಿಗಡಿಗೆ ಒಳಗೆ ಮೂಳೆಯೇ ಇಲ್ಲ, ಅದರ ಬಲವೆಲ್ಲ ಹೊರಗಿನ ಕವಚದಲ್ಲಿದೆ. ಜೇಡ, ಚೇಳು, ಕೀಟಗಳಂತೆ ಅದೂ ಸಂಧಿಪದಿಗಳ ಮಹಾವಂಶಕ್ಕೆ ಸೇರಿದುದು. ಆ ವಂಶದೊಳಗೆ ಏಡಿಯೊಡನೆ ಕಠಿಣಚರ್ಮಿಗಳೆಂಬ ಶಾಖೆಗೂ, ನಡೆಯುವ ಕಾಲುಗಳು ಹತ್ತಿರುವುದರಿಂದ ದಶಪಾದಿಗಳೆಂಬ ಗಣಕ್ಕೂ ಸೇರುತ್ತದೆ. ಕವಚವು ಬೆಳೆಯುವಂಥದಲ್ಲ. ಆದುದರಿಂದ ಒಳಗಿನ ಮೈ ಬೆಳೆದಂತೆಲ್ಲ ಹಳೆಯ ಕವಚವನ್ನು ಕಳಚಿ ಹೊಸದನ್ನು ತೊಡಬೇಕಾಗುತ್ತದೆ. ಹೊಸ ಕವಚವು ಗಟ್ಟಿಯಾಗುವವರೆಗೆ ಆ ಬಡಪ್ರಾಣಿಯು ಎಲ್ಲ ಶತ್ರುಗಳಿಗೂ ಸುಲಭವಾದ ತುತ್ತು.

ವಾಣಿಜ್ಯದ ದೃಷ್ಟಿಯಿಂದ ಮುಖ್ಯವಾದದ್ದು ಅದರ ಜೀವನಯಾತ್ರೆ. ಕಡಲ ಸಿಗಡಿಗಳಲ್ಲಿ ಹೆಸರಾದ ಹುಲಿಸಿಗಡಿ, ಬಿಳಿಸಿಗಡಿ ಮೊದಲಾದುವು ಸಮುದ್ರದಲ್ಲಿ ಮೊಟ್ಟೆಯನ್ನು ನೀರಿಗೇ ಬಿಟ್ಟುಬಿಡುತ್ತವೆ. ಮರಿಗಳು ಹಲವು ರೂಪಾಂತರಗಳನ್ನು ಹೊಂದಿ, ಭರತದ ನೀರಿನೊಡನೆ ನದಿಗಳ ಅಳಿವೆಯೊಳಕ್ಕೆ ಬರುತ್ತವೆ. ಅಲ್ಲಿನ ಚೌಳುನೀರಿನಲ್ಲಿ, ನದಿಯು ಮಲೆಯಿಂದ ಹೊತ್ತು ತಂದ ಎಲೆಗೊಬ್ಬರ ಮತ್ತು ಕೆಸರಿನ ಸಾರವನ್ನುಂಡು, ಕೆಲವು ತಿಂಗಳು ಬೆಳೆದು, ಮತ್ತೆ ಕಡಲಿಗೆ ಮರಳುತ್ತವೆ. ಸಿಹಿನೀರಿನ ದೊಡ್ಡ ಸಿಗಡಿಯ ರೀತಿ ಇದಕ್ಕೆ ವಿಪರೀತ. ಅದು ನದಿಯಲ್ಲಿ ಬಾಳುತ್ತದೆ. ಮೊಟ್ಟೆಯೊಡೆಯುವ ಕಾಲಕ್ಕೆ ಹೆಣ್ಣು ಅಳಿವೆಯ ಕಡೆಗೆ ಇಳಿಯುತ್ತದೆ. ಮರಿಗಳು ಬಲಿತಮೇಲೆ ಪ್ರವಾಹಕ್ಕೆದುರಾಗಿ ನದಿಯನ್ನೇರಿ ಬರುತ್ತವೆ. ಒಂದಕ್ಕೆ ಅಳಿವೆಯು ತೊಟ್ಟಿಲಾದರೆ ಇನ್ನೊಂದಕ್ಕೆ ತವರುಮನೆ. ಎರಡೂ ನೀರುಗಳ ಅಳತೆ ತಪ್ಪಿದರೆ ಎರಡು ಜಾತಿಗೂ ಕೇಡು. ಸಿಗಡಿಯ ವ್ಯಾಪಾರದ ಏಳುಬೀಳುಗಳೆಲ್ಲ ಈ ಅಳತೆಯನ್ನು ಮನುಷ್ಯನು ಹೇಗೆ ಕಾಯ್ದನು, ಹೇಗೆ ಕೆಡಿಸಿದನು ಎಂಬುದರ ಚರಿತ್ರೆಯೇ ಎಂದು ನಮ್ಮ ಅಭಿಪ್ರಾಯ.

ಕನ್ನಡನಾಡಿನ ರಾಜರು ಜಲಚರಗಳ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. ಬನವಾಸಿ ಹನ್ನೆರಡು ಸಾಸಿರವು ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಸೇರಿದ್ದ ಕಾಲದಲ್ಲಿ, ಸುಮಾರು ೧೧೩೦ರಲ್ಲಿ, ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಒಂದು ಪ್ರಕರಣವೇ ಇದೆ. ಮೀನುಗಳನ್ನು ಕಡಲಿನವು, ನದಿಯವು ಎಂದೂ, ಶಲ್ಕವುಳ್ಳವು, ಇಲ್ಲದವು ಎಂದೂ ವಿಂಗಡಿಸಿ, ಅವುಗಳಿಗೆ ಹಾಕಬೇಕಾದ ಆಹಾರವನ್ನೂ ಗಾಣದ ಕ್ರಮವನ್ನೂ ಅಲ್ಲಿ ವಿವರಿಸಿದೆ. ಆದರೆ ಅದು ಅರಸನ ವಿನೋದ. ಬಡವನ ಊಟದ ಮಾತು ಅಂಥ ಗ್ರಂಥಗಳಲ್ಲಿ ಬರುವುದು ವಿರಳ.

ಬಡವನ ಊಟದ ದಾರಿ ಘಟ್ಟದ ದಾರಿಯಾಗಿತ್ತು. ಕೆಳದಿಯ ಅರಸರು ಇಕ್ಕೇರಿಯಿಂದ ಆಳುತ್ತಿದ್ದಾಗ ಘಟ್ಟದ ಮೇಲಿನ ಸೀಮೆಯೂ ಕೆಳಗಿನ ಕರಾವಳಿಯೂ ಬಹುಮಟ್ಟಿಗೆ ಒಂದೇ ರಾಜ್ಯದಲ್ಲಿದ್ದುವು. ೧೬೨೩ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಗೋವೆಯ ಪೋರ್ಚುಗೀಸರ ರಾಯಭಾರಿಯೊಡನೆ ಹೊನ್ನಾವರಕ್ಕೆ ಬಂದು, ದೋಣಿಯಲ್ಲಿ ಶರಾವತಿಯನ್ನೇರಿ ಗೇರುಸೊಪ್ಪೆಯನ್ನು ತಲಪಿ, ಅಲ್ಲಿಂದ ಘಟ್ಟವನ್ನು ಹತ್ತಿ ಇಕ್ಕೇರಿಯಲ್ಲಿ ವೆಂಕಟಪ್ಪನಾಯಕನ ಆಸ್ಥಾನವನ್ನು ಕಂಡನು. ಆ ದೌತ್ಯದ ಹಿಂದಿದ್ದ ದೊಡ್ಡ ಸರಕು ಕರಿಮೆಣಸು. ಮೆಣಸು ಅಡಕೆಗಳು ಹೇರೆತ್ತುಗಳ ಮೇಲೆ ಕೆಳಗಿಳಿದುವು. ಉಪ್ಪು, ಒಣಮೀನು ಮೇಲೇರಿ ಬಂದುವು. ಮೆಣಸಿನ ಲೆಕ್ಕವನ್ನು ಪರದೇಶದವರು ಕೂಡ ಬರೆದಿಟ್ಟರು. ಒಣ ಸಿಗಡಿಯ ಲೆಕ್ಕವು ಮನೆಯ ಅಡುಗೆಯ ನೆನಪಿನಲ್ಲಿ ಮಾತ್ರ ಉಳಿಯಿತು.

ಹಾಗೆಂದು ಆ ಸರಕು ಅಲ್ಪವಾದುದಲ್ಲ. ವರದಮೂಲದ ಸುತ್ತಿನ ತೋಟಗಳ ಒಡೆಯರಲ್ಲಿ ಅನೇಕರು ಮೀನನ್ನು ಮುಟ್ಟದವರು. ಆದರೆ ಅದೇ ಸೀಮೆಯ ಗದ್ದೆಗಳಲ್ಲಿ ದುಡಿಯುವವರ ಮನೆಗಳಲ್ಲಿ, ಹೊಳೆ ಉಕ್ಕಿ ಸಂತೆಯ ದಾರಿ ಕಟ್ಟಿಹೋಗುವ ಮಳೆಗಾಲದ ದಿನಗಳಿಗೆಂದು, ಡಬ್ಬಿಯಲ್ಲಿ ಒಂದಿಷ್ಟು ಒಣ ಸಿಗಡಿಯನ್ನು ಕಾದಿರಿಸುವುದು ರೂಢಿ. ಅದನ್ನು ಹುರಿದು, ಕಾಯಿತುರಿ, ಒಣಮೆಣಸು, ಹುಳಿ ಕೂಡಿಸಿ ಅರೆದರೆ ಒಂದು ಹಿಡಿಯಲ್ಲಿ ಇಡೀ ಮನೆಯ ಗಂಜಿಗೆ ನಂಚಿಕೊಳ್ಳಲು ಸಾಕು. ಕಡಲನ್ನೇ ಕಾಣದವರ ನಾಲಗೆಗೆ ಕಡಲ ರುಚಿಯನ್ನು ಮುಟ್ಟಿಸಿದ್ದು ಈ ಸಣ್ಣ ಪ್ರಾಣಿ.

೧೮೦೧ರಲ್ಲಿ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಬನವಾಸಿ, ಇಕ್ಕೇರಿ, ಸಾಗರ, ನಗರಗಳನ್ನು ಹಾದುಹೋದನು. ಟಿಪ್ಪುವಿನ ಪತನಾನಂತರ ಈ ಪ್ರಾಂತಗಳ ಉತ್ಪನ್ನಗಳೇನೆಂದು ತಿಳಿದು ಬರಲು ಇಂಗ್ಲಿಷರು ಅವನನ್ನು ನೇಮಿಸಿದ್ದರು. ಮುಂದೆ ಗಂಗಾನದಿಯ ಮೀನುಗಳ ಮೇಲೆ ೧೮೨೨ರಲ್ಲಿ ಪ್ರಸಿದ್ಧವಾದ ಗ್ರಂಥವನ್ನು ಬರೆದವನೂ ಇವನೇ. ಅವನು ಬಂದು ಹೋಗುವ ಹೊತ್ತಿಗೆ ಕೆಳದಿಯ ರಾಜ್ಯವು ಒಡೆದು ಹೋಳಾಗಿತ್ತು. ಘಟ್ಟದ ಮೇಲಿನ ಸೀಮೆಯು ಮೈಸೂರು ಸಂಸ್ಥಾನಕ್ಕೆ ಸೇರಿತು. ಕರಾವಳಿಯು ಇಂಗ್ಲಿಷರ ಮದರಾಸು ಪ್ರಾಂತಕ್ಕೆ ಸೇರಿತು. ೧೮೬೨ರಲ್ಲಿ ಹೊನ್ನಾವರ ಕುಮಟೆಗಳನ್ನೊಳಗೊಂಡ ಉತ್ತರಭಾಗವನ್ನು ಮುಂಬಯಿಗೆ ವರ್ಗಾಯಿಸಲಾಯಿತು. ಶರಾವತಿಯ ತಲೆ ಮೈಸೂರಿನಲ್ಲಿ, ಪಾದ ಮುಂಬಯಿಯಲ್ಲಿ! ಮೈಸೂರು ಸಂಸ್ಥಾನಕ್ಕೆ ಒಂದು ಮೊಳದಷ್ಟೂ ಕಡಲ ತೀರವಿರಲಿಲ್ಲ. ೧೯೫೬ರ ನವೆಂಬರ್ ೧ರಂದು ನಾಡು ಒಂದಾಗುವವರೆಗೆ, ಮಳೆ ಸುರಿಯುವ ಸೀಮೆಗೆ ಒಂದು ಸರ್ಕಾರ, ಆ ನೀರು ಮುಟ್ಟುವ ಅಳಿವೆಗೆ ಇನ್ನೊಂದು ಸರ್ಕಾರವಿದ್ದಿತು. ಮೇಲಿನವರು ಮಾಡಿದ್ದರ ಫಲವನ್ನು ಕೆಳಗಿನವರು ಅನುಭವಿಸುವಾಗ ಕೇಳುವವರು ಯಾರು?

ಬ್ರಿಟಿಷರ ಕಾಲದಲ್ಲಿ ಉಪ್ಪಿನ ಸುಂಕವು ಬೆಸ್ತರನ್ನು ಬಹಳ ಬಾಧಿಸಿತು. ದೊಡ್ಡ ಮೀನನ್ನು ಉಪ್ಪಿಲ್ಲದೆ ಕಾಪಾಡಲಾಗದು. ೧೮೭೦ರ ದಶಕದಲ್ಲಿ ಮದರಾಸು ಸರ್ಕಾರವು ಮೀನು ಹದಮಾಡುವ ಅಂಗಳಗಳನ್ನು ಸ್ಥಾಪಿಸಿ, ಅಲ್ಲಿ ಸುಂಕವಿಲ್ಲದ ಉಪ್ಪನ್ನು ಕೊಡಲಾರಂಭಿಸಿದುದು ಈ ಕಷ್ಟವನ್ನರಿತೇ. ಸಣ್ಣ ಸಿಗಡಿಗಾದರೋ ಉಪ್ಪಿನ ಹಂಗಿಲ್ಲ. ಮರಳಿನ ಮೇಲೆ ಚಾಪೆಯನ್ನು ಹಾಸಿ, ಬಿಸಿಲಿಗೆ ಹರಡಿದರೆ ಅದು ಗರಿಗರಿಯಾಗಿ ಒಣಗುತ್ತದೆ. ತೂಕ ಕಡಿಮೆಯಾದುದರಿಂದ ಹೊತ್ತು ಮಾರುವ ಹೆಂಗಸಿಗೂ ಭಾರವಾಗದು. ಸುಲಿದ ಒಣ ಸಿಗಡಿಯು ಮಲಬಾರ ಕೊಚ್ಚಿಗಳ ತೀರದಿಂದ ಬರ್ಮಾ ದೇಶಕ್ಕೂ ಹೋಗುತ್ತಿದ್ದಿತು. ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಸಿಗಡಿಯ ವಾಣಿಜ್ಯವೆಂದರೆ ಇಷ್ಟೇ: ಸೂರ್ಯನ ಬಿಸಿಲು, ಹೆಂಗಸರ ಬುಟ್ಟಿ, ಪೂರ್ವದೇಶಗಳಿಗೆ ಹೋಗುವ ಮೂಟೆ.

ಈ ಸ್ಥಿತಿಯನ್ನು ಬದಲಿಸಿದುದು ಮಂಜುಗಡ್ಡೆ. ೧೯೫೩ರಲ್ಲಿ ಕೊಚ್ಚಿಯಿಂದ ಹೆಪ್ಪುಗಟ್ಟಿಸಿದ ಸಿಗಡಿಯು ಮೊದಲ ಬಾರಿಗೆ ಅಮೆರಿಕಕ್ಕೆ ಹೊರಟಿತು. ಅದೇ ಕಾಲದಲ್ಲಿ ನಾರ್ವೆ ದೇಶದ ನೆರವಿನಿಂದ ಕೇರಳದ ನೀಂಡಕರೆಯಲ್ಲಿ ಆರಂಭವಾದ ಇಂಡೋ-ನಾರ್ವೇಜಿಯನ್ ಯೋಜನೆಯು ಯಂತ್ರದ ದೋಣಿಗಳನ್ನು ಪ್ರಚಾರಕ್ಕೆ ತಂದಿತು; ೧೯೬೦ರ ದಶಕದಲ್ಲಿ ಅದು ನಮ್ಮ ಕಾರವಾರಕ್ಕೂ ಬಂದಿತು. ಕಡಲ ತಳವನ್ನು ಗೋರುವ ಟ್ರಾಲ್ ಬಲೆಯು ತೀರದುದ್ದಕ್ಕೂ ಹರಡಿತು. ೧೯೬೯ರಲ್ಲಿ ಮಂಗಳೂರಿನಲ್ಲಿ ಮೀನುಗಾರಿಕೆಯ ಕಾಲೇಜು ಸ್ಥಾಪಿತವಾಯಿತು. ೧೯೭೨ರಲ್ಲಿ ಸಾಗರೋತ್ಪನ್ನಗಳ ರಫ್ತಿನ ಅಭಿವೃದ್ಧಿಗೆಂದು ಕೇಂದ್ರ ಸರ್ಕಾರವು ಒಂದು ಪ್ರಾಧಿಕಾರವನ್ನು ಕೊಚ್ಚಿಯಲ್ಲಿ ನೆಲೆಗೊಳಿಸಿತು. ಬಡವನ ಗಂಜಿಯ ಜೊತೆಗಾರನು ಡಾಲರನ್ನು ತರುವ ಸರಕಾದನು. ಬೆಲೆ ಏರಿದುದು ಹಿಡಿಯುವವನಿಗೆ ಹಿತವೇ ಸರಿ. ಆದರೆ ಬಲೆಗೆ ಬಿದ್ದ ದೊಡ್ಡ ಸಿಗಡಿಯು ನೇರವಾಗಿ ಮಂಜಿನ ಪೆಟ್ಟಿಗೆಗೆ ಹೋಗತೊಡಗಿದಮೇಲೆ, ಬುಟ್ಟಿಯ ಹೆಂಗಸಿನ ಪಾಲಿಗೆ ಉಳಿದುದು ಚೂರುಪಾರು.

ಈ ಬದಲಾವಣೆಯು ಅಳಿವೆಯಲ್ಲಿ ಏನು ಮಾಡಿತೆಂಬುದನ್ನು ನೋಡಲು ಕುಮಟೆಯ ಗಜನಿಗಳಿಗಿಂತ ಒಳ್ಳೆಯ ನಿದರ್ಶನವಿಲ್ಲ. ಶಿರಸಿಯ ಕಡೆಯಿಂದ ಇಳಿದು ಬರುವ ಅಘನಾಶಿನಿಯ ಅಳಿವೆಯಲ್ಲಿ, ಭರತದ ನೀರು ಏರುವ ತಗ್ಗುನೆಲಕ್ಕೆ ಗಜನಿಯೆಂದು ಹೆಸರು. ಅಲ್ಲಿಯ ರೈತರು ಮಣ್ಣಿನ ಒಡ್ಡು ಕಟ್ಟಿ, ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದಾಗ ಕಗ್ಗವೆಂಬ ಭತ್ತವನ್ನು ಬೆಳೆಯುತ್ತಿದ್ದರು. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಎತ್ತರದ ಭತ್ತವದು. ಕೊಯಿಲಾದಮೇಲೆ ತೂಬನ್ನು ತೆರೆದರೆ ಭರತದೊಡನೆ ಸಿಗಡಿಯ ಮರಿಗಳು ಒಳಬಂದು, ಭತ್ತದ ಕೂಳೆಯ ನಡುವೆ ಮೇಯ್ದು ಬೆಳೆಯುವುವು. ಒಂದೇ ನೆಲದಲ್ಲಿ ಆರು ತಿಂಗಳು ಅನ್ನ, ಆರು ತಿಂಗಳು ಅದಕ್ಕೆ ನಂಚಿಕೊಳ್ಳುವ ಪದಾರ್ಥ! ಬೀಜಕ್ಕೆ ಖರ್ಚಿಲ್ಲ, ಗೊಬ್ಬರಕ್ಕೆ ಖರ್ಚಿಲ್ಲ. ಸಿಗಡಿಯ ಜೀವನಯಾತ್ರೆಯನ್ನು ಯಾವ ಪುಸ್ತಕವನ್ನೂ ಓದದೆ ಅರಿತಿದ್ದ ಜನ ಕಟ್ಟಿದ ವ್ಯವಸ್ಥೆಯದು.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಸರ್ಕಾರವು ಮಣ್ಣಿನ ಒಡ್ಡುಗಳ ಬದಲು ಶಾಶ್ವತವಾದ ದಂಡೆಗಳನ್ನು ಕಟ್ಟಿಸಿತು. ಉದ್ದೇಶ ಒಳ್ಳೆಯದೇ. ಆದರೆ ಅದೇ ಕಾಲಕ್ಕೆ ಸಿಗಡಿಯ ಬೆಲೆಯು ಭತ್ತದ ಬೆಲೆಯನ್ನು ಮೀರಿತು. ಸಿಗಡಿಯ ಹಕ್ಕನ್ನು ಹಿಡಿದ ಗುತ್ತಿಗೆದಾರರು ಉಪ್ಪುನೀರನ್ನು ಹೆಚ್ಚುಕಾಲ ನಿಲ್ಲಿಸಬಯಸಿದರು. ಭತ್ತ ಬೆಳೆಯುವವರಿಗೆ ನೀರು ಬೇಗ ಹೊರಹೋಗಬೇಕಾಗಿತ್ತು. ತೂಬಿನ ಕೀಲಿ ಯಾರ ಕೈಯಲ್ಲಿ ಎಂಬ ಪ್ರಶ್ನೆಗೆ ಹಣವು ಉತ್ತರ ಹೇಳಿತು. ಅನೇಕ ಗಜನಿಗಳಲ್ಲಿ ಕಗ್ಗದ ಬೇಸಾಯ ನಿಂತುಹೋಯಿತು.

ಇಷ್ಟರಲ್ಲಿ ವಿಜ್ಞಾನವು ಇನ್ನೊಂದು ಬಾಗಿಲನ್ನು ತೆರೆದಿತ್ತು. ಜಪಾನಿನಲ್ಲಿ ಮೊತೊಸಾಕು ಫುಜಿನಾಗ ಎಂಬ ವಿದ್ವಾಂಸನು ೧೯೩೪ರಲ್ಲಿಯೇ ಸಿಗಡಿಯಿಂದ ಪ್ರಯೋಗಶಾಲೆಯಲ್ಲಿ ಮೊಟ್ಟೆಯಿಡಿಸಿ ಮರಿಗಳನ್ನು ಪಡೆದಿದ್ದನು. ೧೯೬೦ರ ದಶಕದ ಆರಂಭದಲ್ಲಿ ಮಲಯದಲ್ಲಿ ಷಾವೊ-ವೆನ್ ಲಿಂಗ್ ಎಂಬವನು ಸಿಹಿನೀರಿನ ದೊಡ್ಡ ಸಿಗಡಿಯ ಮರಿಗಳು ಬದುಕಲು ಚೌಳುನೀರು ಬೇಕೆಂಬುದನ್ನು ಕಂಡುಹಿಡಿದನು. ಇಂಥ ಶೋಧಗಳಿಂದ ಸಿಗಡಿಯು ಬೇಟೆಯ ಪ್ರಾಣಿಯ ಬದಲು ಸಾಕುವ ಪ್ರಾಣಿಯಾಯಿತು. ೧೯೯೦ರ ದಶಕದ ಮೊದಲಲ್ಲಿ ನಮ್ಮ ಎರಡು ಕರಾವಳಿಗಳಲ್ಲಿಯೂ ಹುಲಿಸಿಗಡಿಯ ಕೊಳಗಳು ಅಣಬೆಯಂತೆ ಎದ್ದುವು. ೧೯೯೪ರ ಸುಮಾರಿಗೆ ಬಿಳಿಚುಕ್ಕೆಯ ರೋಗವು ಬಂದೆರಗಿತು. ಕವಚದ ಮೇಲೆ ಬಿಳಿಯ ಚುಕ್ಕೆಗಳು ಕಾಣಿಸಿಕೊಂಡ ಕೆಲವೇ ದಿನಗಳಲ್ಲಿ ಕೊಳಕ್ಕೆ ಕೊಳವೇ ಬರಿದಾಗುವ ವೈರಾಣು ರೋಗವದು. ಭತ್ತವನ್ನು ಬಿಟ್ಟು ಸಾಲಮಾಡಿ ಸಿಗಡಿಯನ್ನು ನೆಚ್ಚಿದ್ದವರಿಗೆ ಎರಡೂ ಇಲ್ಲವಾಯಿತು. ೧೯೯೬ರ ಡಿಸೆಂಬರ್ ೧೧ರಂದು ಸರ್ವೋಚ್ಚ ನ್ಯಾಯಾಲಯವು ಕರಾವಳಿಯ ನಿರ್ಬಂಧಿತ ವಲಯದಲ್ಲಿ ಇಂಥ ವ್ಯಾವಹಾರಿಕ ಕೊಳಗಳಿರಕೂಡದೆಂದು ತೀರ್ಪಿತ್ತಿತು. ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಆಮೇಲೆ ೨೦೦೫ರಲ್ಲಿ ಕರಾವಳಿಯ ಜಲಕೃಷಿಗೆಂದು ಪ್ರತ್ಯೇಕವಾದ ಕಾಯಿದೆಯಾಗಿ, ಅನುಮತಿಯ ಮೇಲೆ ಕೊಳಗಳನ್ನು ನಡೆಸುವ ಕ್ರಮ ಬಂದಿತು.

ಈಗ ವರದೆಯ ನೀರಿನ ತುದಿಯನ್ನು ನೋಡೋಣ. ಹೊಸಪೇಟೆಯ ಅಣೆಕಟ್ಟನ್ನೂ ಶ್ರೀಶೈಲ, ನಾಗಾರ್ಜುನಸಾಗರಗಳನ್ನೂ ದಾಟಿ ಎಷ್ಟು ನೀರು ಉಳಿದೀತೋ ಅಷ್ಟು ಕೃಷ್ಣೆಯ ಮುಖಜಭೂಮಿಯನ್ನು ಸೇರುತ್ತದೆ. ಕೃಷ್ಣಾ ಗೋದಾವರಿಗಳ ಆ ತಗ್ಗುನಾಡು ಇಂದು ಭಾರತದ ಸಿಗಡಿ ಸಾಕಣೆಯ ರಾಜಧಾನಿ. ೨೦೦೯ರಲ್ಲಿ ಅಮೆರಿಕ ಖಂಡದ ಪೆಸಿಫಿಕ್ ತೀರದ ವನ್ನಾಮೈ ಎಂಬ ಜಾತಿಯನ್ನು ಬೆಳೆಯಲು ಅನುಮತಿ ದೊರೆತಮೇಲೆ ಹುಲಿಸಿಗಡಿಯ ಸ್ಥಾನವನ್ನು ಬಹುಮಟ್ಟಿಗೆ ಅದು ಆಕ್ರಮಿಸಿತು. ೨೦೨೩–೨೪ರಲ್ಲಿ ಭಾರತವು ಹೊರಕ್ಕೆ ಕಳುಹಿಸಿದ ಹೆಪ್ಪುಗಟ್ಟಿದ ಸಿಗಡಿಯು ೭ ಲಕ್ಷ ಟನ್ನಿಗೆ ಮಿಕ್ಕಿದ್ದು, ಅದರ ಬೆಲೆ ಸುಮಾರು ೪೦,೦೦೦ ಕೋಟಿ ರೂಪಾಯಿ. ಸಾಗರೋತ್ಪನ್ನಗಳ ಒಟ್ಟು ರಫ್ತಿನ ಬೆಲೆಯಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಇದೊಂದೇ. ಅದರಲ್ಲಿ ದೊಡ್ಡ ಭಾಗ ಅಮೆರಿಕಕ್ಕೆ ಹೋಯಿತು. ಒಂದೇ ಜಾತಿ, ಮುಖ್ಯವಾಗಿ ಒಂದೇ ಗಿರಾಕಿ! ೨೦೨೫ರ ಆಗಸ್ಟಿನಲ್ಲಿ ಆ ಗಿರಾಕಿಯು ಭಾರತದ ಸರಕುಗಳ ಮೇಲೆ ಶೇಕಡ ೫೦ರ ವರೆಗೆ ಸುಂಕ ವಿಧಿಸಿದಾಗ, ಆಂಧ್ರದ ಕೊಳಗಳ ರೈತರು ತಲೆಯ ಮೇಲೆ ಕೈಯಿಟ್ಟುಕೊಳ್ಳುವಂತಾಯಿತು. ಮಂಜಿನ ಪೆಟ್ಟಿಗೆಯನ್ನು ನೆಚ್ಚಿದವನು ದೂರದೇಶದ ಮರ್ಜಿಯನ್ನೂ ನೆಚ್ಚಬೇಕಾಗುತ್ತದೆ.

ಪಶ್ಚಿಮದ ತುದಿಯ ಕಥೆ ಬೇರೆ, ನಮಗೆ ಹೆಚ್ಚು ಹತ್ತಿರದ್ದು. ಮೈಸೂರು ಸಂಸ್ಥಾನದ ಕೊನೆಯ ವರ್ಷಗಳಲ್ಲಿ ಹಿರೇಭಾಸ್ಕರದ ಅಣೆಕಟ್ಟಿನಿಂದ ಶರಾವತಿಯಲ್ಲಿ ವಿದ್ಯುತ್ತಿನ ಯುಗ ತೊಡಗಿತು; ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾಯಿತು; ಮುಂದೆ ಗೇರುಸೊಪ್ಪೆಯಲ್ಲಿಯೂ ಒಂದು ಅಣೆಕಟ್ಟು ಬಂದಿತು. ನಮ್ಮ ನಗರಗಳ ದೀಪಗಳನ್ನು ಬಹುಕಾಲ ಬೆಳಗಿಸಿದುದು ಆ ನೀರೇ ಎಂಬುದನ್ನು ಯಾರೂ ಮರೆಯಲಾರರು. ಆದರೆ ಯಂತ್ರಗಳನ್ನು ತಿರುಗಿಸಿದ ಸಿಹಿನೀರು ಬೇಸಗೆಯಲ್ಲಿಯೂ ಎಡೆಬಿಡದೆ ಇಳಿದುಬರತೊಡಗಿದಾಗ, ಹೊನ್ನಾವರದ ಅಳಿವೆಯು ತನ್ನ ಉಪ್ಪನ್ನು ಬಹುಮಟ್ಟಿಗೆ ಕಳೆದುಕೊಂಡಿತು. ಅಲ್ಲಿ ಹೇರಳವಾಗಿದ್ದ ಚಿಪ್ಪುಮೀನುಗಳು ಅಳಿದುವು. ಮೀನಿನ ಜಾತಿಗಳು ಕಡಿಮೆಯಾದುವು. ನೆರೆಯ ಅಘನಾಶಿನಿಗೆ ಅಣೆಕಟ್ಟಿಲ್ಲ. ಅಲ್ಲಿ ಚಿಪ್ಪುಮೀನೂ ಮೀನೂ ಇನ್ನೂ ಸಮೃದ್ಧವಾಗಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಎರಡು ಅಳಿವೆಗಳನ್ನು ಹೋಲಿಸಿ ನೋಡಿ ಇದನ್ನು ತೋರಿಸಿಕೊಟ್ಟಿದ್ದಾರೆ. ೨೦೨೪ರ ಜನವರಿಯಲ್ಲಿ ಅಘನಾಶಿನಿಯ ಅಳಿವೆಯು ಅಂತಾರಾಷ್ಟ್ರೀಯ ಮಹತ್ತ್ವದ ರಾಮ್‌ಸರ್ ತಾಣಗಳ ಪಟ್ಟಿಗೆ ಸೇರಿತು. ಎರಡು ನದಿಗಳೂ ಒಂದೇ ಘಟ್ಟದ ಮಕ್ಕಳು, ಕೂಡುವ ಕಡಲೂ ಒಂದೇ. ವ್ಯತ್ಯಾಸವೆಲ್ಲ ನೀರಿನ ಅಳತೆಯಲ್ಲಿದೆ.

ದೀಪವೂ ಬೇಕು, ಅಳಿವೆಯೂ ಬೇಕು ಎಂಬುದು ಕೂಡದ ಮಾತೆಂದು ಕೆಲವರು ಹೇಳಬಹುದು. ನಾವು ಅಣೆಕಟ್ಟುಗಳನ್ನು ಒಡೆಯಿರೆಂದು ಹೇಳಹೊರಟಿಲ್ಲ. ಆದರೆ ವಿದ್ಯುತ್ತಿನ ಬೆಲೆಯನ್ನು ಬರೆಯುವ ಪುಸ್ತಕದಲ್ಲಿ ಅಳಿವೆಯು ತೆತ್ತ ಬೆಲೆಯನ್ನೂ ಬರೆದಿಡಬೇಕು. ಸಿಗಡಿಯ ರಫ್ತಿನ ಲಾಭವನ್ನು ಬರೆಯುವಾಗ ಕಳೆದುಹೋದ ಕಗ್ಗದ ಗದ್ದೆಯನ್ನೂ ಬರೆಯಬೇಕು. ಹಿಂದೆ ಇಂಥ ಲೆಕ್ಕವಾಗದಿದ್ದುದಕ್ಕೆ ಒಂದು ನೆಪವಿದ್ದಿತು: ನದಿಯ ತಲೆಗೊಬ್ಬ ದೊರೆ, ಪಾದಕ್ಕೊಬ್ಬ ದೊರೆ. ೧೯೫೬ರಿಂದೀಚೆಗೆ ಆ ನೆಪವೂ ಇಲ್ಲ.

ವರದಮೂಲದ ನೀರಿನಲ್ಲಿ ನಮ್ಮ ವಿದ್ಯಾರ್ಥಿಯು ಕಂಡ ಆ ಕಿರುಸಿಗಡಿಗೆ ವಾಣಿಜ್ಯದಲ್ಲಿ ಬೆಲೆಯಿಲ್ಲ. ಅದನ್ನು ಯಾರೂ ಹಿಡಿದು ಮಾರುವುದಿಲ್ಲ. ಕಲ್ಲಿನ ಮೇಲಿನ ಪಾಚಿಯನ್ನೂ ಕೊಳೆತ ಎಲೆಯನ್ನೂ ಮೇಯುತ್ತ, ಕಾಡಿನ ಕಸವನ್ನು ನೀರಿನ ಸಾರವನ್ನಾಗಿ ಮಾಡುವುದಷ್ಟೇ ಅದರ ಕೆಲಸ. ಮಲೆಯ ಹಳ್ಳಗಳಲ್ಲಿ ಅಸಂಖ್ಯ ಜೀವಿಗಳು ಮಾಡುವ ಇದೇ ಕೆಲಸದ ಫಲವನ್ನು ಅಳಿವೆಯ ಸಿಗಡಿ ಉಣ್ಣುತ್ತದೆ, ಅಳಿವೆಯ ಸಿಗಡಿಯನ್ನು ಜಗತ್ತು ಉಣ್ಣುತ್ತದೆ. ಅಂದು ಆ ಹುಡುಗನು ಅದನ್ನು ಅಂಗೈಯ ನೀರಿನಲ್ಲಿ ಒಂದು ಕ್ಷಣ ನೋಡಿ ಮತ್ತೆ ಹರಿವಿಗೆ ಬಿಟ್ಟನು. ಅದು ಹಿಂದಕ್ಕೆ ಚಿಮ್ಮಿ ಕಲ್ಲಿನ ಮರೆಗೆ ಸೇರಿತು. ನಾವು ಎದ್ದು ಇಕ್ಕೇರಿಯ ದಾರಿ ಹಿಡಿದೆವು.